ಮಟಮಟ ಮಧ್ಯಾಹ್ನ ಮಾವನ ಹಿಂದೆ

ನಮ್ಮ ಸೋದರಮಾವ ಬೇಸಿಗೆಯಲ್ಲಿ ಬೈಕು ಹತ್ತುವುದನ್ನು ನೋಡಬೇಕೆಂದರೆ ನೀವು ಅರ್ಧ ಗಂಟೆ ಮುಂಚೆಯೇ ಬಂದು ಜಾಗ ಹಿಡಿಯಬೇಕು. ಮದುವೆ ಹೆಣ್ಣಿನ ಸಿಂಗಾರಕ್ಕಾದರೂ ಅಷ್ಟು ಹೊತ್ತು ಬೇಡ! ಕಡೂರಿನ ಅವರ ಬೀದಿಯಲ್ಲಿ ಎದುರು ಮನೆಯವರು ಕಾಫಿ ಲೋಟ ಹಿಡಿದುಕೊಂಡೇ ಜಗಲಿಗೆ ಬಂದು ಕೂರುತ್ತಾರೆ.

ಮೊದಲು ಬನಿಯನ್ನು. ಅದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಒದ್ದೆಯಾಗಿದ್ದಾಗಲೇ ಹಾಕಿಕೊಳ್ಳಬೇಕು. ಅದರ ಮೇಲೆ ಎರಡು ಸೈಜು ದೊಡ್ಡದಾದ, ತುಂಬುತೋಳಿನ ಬಿಳಿ ಶರಟು. "ಒಳಗೆ ಗಾಳಿ ಓಡಾಡ್ಬೇಕು ಕಣೇ" ಎನ್ನುತ್ತಾರೆ. ಓಡಾಡುವುದೇನು ಬಂತು, ಆ ಶರಟಿನೊಳಗೆ ಗಾಳಿ ಹೆಂಡತಿ ಮಕ್ಕಳ ಸಮೇತ ಬಿಡಾರ ಹೂಡಬಹುದು! ಆಮೇಲೆ ನೆತ್ತಿಗೆ ಹರಳೆಣ್ಣೆ, ಎಣ್ಣೆಯ ಮೇಲೆ ಅಂಗೈಗಿಂತ ದೊಡ್ಡದಾದ ಒಂದು ಹರಳೆಲೆ, ಎಲೆಯ ಮೇಲೆ ಒದ್ದೆ ಟವೆಲ್ಲು, ಟವೆಲ್ಲಿನ ಮೇಲೆ ಹೆಲ್ಮೆಟ್ಟು. ಕೈಗೆ ಬೆರಳು ಕತ್ತರಿಸಿದ ಹಳೆಯ ಕಾಲುಚೀಲ. ಜೇಬಿನಲ್ಲಿ ಒಂದು ಈರುಳ್ಳಿ. ಸೀಟಿನ ಮೇಲೆ ನೆನೆಸಿದ ಗೋಣಿಚೀಲ. ಇಷ್ಟೆಲ್ಲಾ ಆದ ಮೇಲೆ ಬೈಕು ಏರಿ, "ರೈಟ್! ರೈಟ್!" ಎಂದು ಕೂಗಿ ಹೊರಡುತ್ತಾರೆ. ಅವರು ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ತಾವೇ ಡ್ರೈವರ್ ಆದರೂ ಯಾರಾದರೂ ರೈಟ್ ಹೇಳದೆ ಗಾಡಿ ಬಿಡುವುದು ಅವರಿಂದ ಆಗುವುದಿಲ್ಲ.

ಇದೆಲ್ಲದರ ಫಲವೇನು ಎಂದು ಕೇಳುತ್ತೀರಾ? ಏಪ್ರಿಲ್ ತಿಂಗಳಲ್ಲಿ ನೆಗಡಿಯಾಗುವ ಏಕೈಕ ಮನುಷ್ಯ ಇಡೀ ಕಡೂರು ತಾಲ್ಲೂಕಿನಲ್ಲಿ ನಮ್ಮ ಮಾವ ಒಬ್ಬರೇ!

"ಬಿಸಿಲಿಗೆ ಇಷ್ಟು ಹೆದರೋರು ಮನೇಲೇ ಇರಬಹುದಲ್ಲ ಮಾವ?" ಎಂದು ನಾನೊಮ್ಮೆ ಕೇಳಿದ್ದೆ. "ಹೆದರೋರು ಮನೇಲಿರ್ತಾರೆ ಕಣೇ. ನಾನು ಹೊರಡ್ತೀನಲ್ಲ!" ಎಂದರು. ಮನೆಯಲ್ಲಿರುವುದಂತೂ ಅವರ ಜಾತಕದಲ್ಲೇ ಬರೆದಿಲ್ಲ. ಬಸ್ಸಿನಲ್ಲಿ ಅಷ್ಟು ವರ್ಷ ನಿಂತೇ ಊರೂರು ಸುತ್ತಿದ ಮನುಷ್ಯ. ಕುರ್ಚಿ ಹಾಕಿದರೆ ಅದರ ಬೆನ್ನು ಹಿಡಿದುಕೊಂಡು ನಿಲ್ಲುತ್ತಾರೆ. ಎರಡು ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ, ಸೂರ್ಯ ಎಲ್ಲಿಗೆ ಬಂದಿದ್ದಾನೆ ಎಂದು ಕಣ್ಣು ಕಿರಿದು ಮಾಡಿ ನೋಡಿ ಬರುತ್ತಾರೆ.

ಇಂಥವರ ಹಿಂದೆ ನಾನು ಮೂರು ದಿನ ಬೈಕಿನಲ್ಲಿ ಕೂರಬೇಕಾಗಿ ಬಂತು. ನನ್ನ ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮನೆಮನೆಗೆ ಹೋಗಿ, ಹೆಂಗಸರಿಗೆ ಕುಂಕುಮ ಕೊಟ್ಟು, ಪತ್ರಿಕೆ ಕೈಗಿಟ್ಟು ಕರೆದರೇ ಅದು ಕರೆ. ಕುಂಕುಮ ಕೊಡಲು ಹೆಣ್ಣುಮಗಳೇ ಆಗಬೇಕು. ಕಾರು ನಮ್ಮ ಯಜಮಾನರ ಕಡೆಯ ನೆಂಟರಿಗೆ ಹೋಯಿತು. ನನ್ನ ಕಡೆಯವರಿಗೆ ಮಾವನ ಬೈಕು. ಇದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಮದುವೆಯಾದ ಹೆಂಗಸರಿಗೆಲ್ಲ ಅರ್ಥವಾಗುತ್ತದೆ!

ಆದರೆ ನನಗೆ ಅಳುಕಿದ್ದದ್ದು ಒಂದೇ ಮನೆಯ ವಿಷಯಕ್ಕೆ. ಯಗಟಿಯ ದೊಡ್ಡಮ್ಮನ ಮನೆ. ಅವರು ಸತ್ತುಹೋದ ನನ್ನ ಅಮ್ಮನಿಗೂ ಈ ಮಾವನಿಗೂ ಅಕ್ಕ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಅಜ್ಜಂಪುರದ ಮನೆಯ ಗೃಹಪ್ರವೇಶಕ್ಕೆ ನಾನು ಅವರನ್ನು ಫೋನಿನಲ್ಲಿ ಕರೆದೆ. ಪತ್ರಿಕೆ ಕೊಟ್ಟು ಬರಲು ಹೋಗಿದ್ದ ಮಾವನೇ ಬಂದು, "ನಿಮ್ ದೊಡ್ಡಮ್ಮ ಫೋನ್ ಮಾಡಿದ್ರೆ ಸಾಕು ಅಂದ್ಲು" ಎಂದು ಹೇಳಿದ್ದರು. ಸರಿ, ಮಾಡಿದೆ. ಗೃಹಪ್ರವೇಶದ ದಿನ ಊಟದ ಹೊತ್ತಿಗೆ ದೊಡ್ಡಮ್ಮನ ಫೋನು ಬಂತು. "ಬಂದೆ ಕಣೇ. ಊಟ ಆಯ್ತು. ಪಾಯಸ ಚೆನ್ನಾಗಿತ್ತು. ಹೊರಡ್ತೀನಿ" ಎಂದು ಇಟ್ಟೇಬಿಟ್ಟರು! ತಾವೇ ಫೋನು ಸಾಕೆಂದು ಹೇಳಿ ತಾವೇ ಹೀಗೆ ಚುಚ್ಚುವುದೇ? ನನಗೂ ಮೈಯೆಲ್ಲ ಉರಿಯಿತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಈಗ ನನ್ನ ಮಗಳ ಧಾರೆಗೆ ನನ್ನ ಅಮ್ಮನ ಜಾಗದಲ್ಲಿ ನಿಲ್ಲುವವರು ಯಾರು? ದೊಡ್ಡಮ್ಮ ಬಾರದಿದ್ದರೆ ಆ ಜಾಗ ಖಾಲಿಯೇ.

ಮೊದಲ ದಿನ ತರೀಕೆರೆ. ಬೆಳಿಗ್ಗೆ ಎಷ್ಟು ಬೇಗ ಹೊರಟರೇನು, ಒಂದೊಂದು ಮನೆಯಲ್ಲೂ ಕಾಫಿ, ಒಂದೊಂದು ಮನೆಯಲ್ಲೂ "ಕೂತ್ಕೊಳ್ರೀ, ಇಷ್ಟು ಅವಸರ ಏನು?" ಮೂರನೆಯ ಮನೆಗೇ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಮಾವ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಬಾಟಲಿ ಮಜ್ಜಿಗೆಯನ್ನು ಒದ್ದೆ ಕಾಲುಚೀಲದೊಳಗೆ ತೂರಿಸಿ ಕಟ್ಟಿದ್ದರು. ಗಾಳಿ ಬಡಿದು ತಣ್ಣಗಾಗುತ್ತದಂತೆ. ತಣ್ಣಗಾಗಿದ್ದೂ ನಿಜ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಡಿ ಕುಲುಕಾಡಿ, ತರೀಕೆರೆ ಬರುವಷ್ಟರಲ್ಲಿ ಮೇಲೆ ಬೆಣ್ಣೆ ತೇಲುತ್ತಿತ್ತು. ಮಾವನ ಸಂಭ್ರಮ ಹೇಳತೀರದು! ಹೋದ ಮೊದಲ ಮನೆಯಲ್ಲಿ ನಾನು ಕುಂಕುಮದ ಭರಣಿ ಮುಂದೆ ಹಿಡಿದರೆ, ಇವರು ಪಕ್ಕದಲ್ಲಿ ಬೆಣ್ಣೆ ಹಿಡಿದು ನಿಂತಿದ್ದಾರೆ. ಆ ಮನೆಯಾಕೆ ಇದು ಯಾವುದೋ ಹೊಸ ಶಾಸ್ತ್ರವಿರಬೇಕೆಂದು ಎರಡನ್ನೂ ಕಣ್ಣಿಗೊತ್ತಿಕೊಂಡರು.

ಅಲ್ಲೇ ಒಬ್ಬ ಪೊಲೀಸಿನವನು ನಮ್ಮನ್ನು ತಡೆದ. ಹೆಲ್ಮೆಟ್ಟಿನ ಕೆಳಗೆ ಹಸಿರು ಎಲೆ ಇಣುಕುತ್ತಿತ್ತಲ್ಲ!

"ಏನ್ರೀ ಇದು ತಲೇಲಿ?"

"ಹರಳೆಲೆ ಸಾರ್. ಕೂಲಂಟ್."

"ಕೂಲಂಟಾ?"

"ಎಂಜಿನ್ನಿಗೇ ಕೂಲಂಟ್ ಹಾಕ್ತಾರೆ, ಮನುಷ್ಯನಿಗೆ ಬೇಡ್ವಾ ಸಾರ್? ಬೆಳಗಿಂದ ನೀವು ಇಲ್ಲೇ ನಿಂತಿದೀರಿ, ಮುಖ ನೋಡಿ ಹೆಂಗಾಗೈತೆ!" ಎಂದು ಚೀಲದಿಂದ ಇನ್ನೊಂದು ಎಲೆ ತೆಗೆದು ಅವನ ಕೈಗೇ ಕೊಟ್ಟುಬಿಟ್ಟರು. ನಾನು ನಾಚಿಕೆಯಿಂದ ಸೆರಗು ಮುಖಕ್ಕೆ ಹಿಡಿದುಕೊಂಡೆ. ಸಂಜೆ ವಾಪಸ್ಸು ಬರುವಾಗ ನೋಡುತ್ತೇನೆ, ಅವನ ಟೋಪಿಯ ಅಂಚಿನಲ್ಲಿ ಹಸಿರು ಕಾಣುತ್ತಿದೆ! ಮಾವ ಎರಡು ಸಲ ಹಾರನ್ನು ಹೊಡೆದರು. ಅವನು ಸೆಲ್ಯೂಟು ಹೊಡೆದ.

ಎರಡನೆಯ ದಿನ ಕಡೂರು. ಅಂದು ಮಾವ ತಮ್ಮ ಹೊಸ ಆವಿಷ್ಕಾರವನ್ನು ಹೊರತೆಗೆದರು. ಬೈಕಿನ ಹಿಂದಿನ ಕ್ಯಾರಿಯರಿಗೆ ಹಳೆಯ ಛತ್ರಿಯ ಕೋಲು ಬಿಗಿದು, ಅದರ ತುದಿಗೆ ಗ್ಲೂಕೋಸ್ ಬಾಟಲಿ ತೂಗುಹಾಕಿ, ಅದರ ಪೈಪನ್ನು ನನ್ನ ಹೆಗಲ ಮೇಲಿಂದ ತಂದು ತಮ್ಮ ಕಾಲರಿನೊಳಗೆ ಸಿಕ್ಕಿಸಿಕೊಂಡಿದ್ದರು. ಬಾಟಲಿಯಲ್ಲಿರುವುದು ಮಡಕೆಯ ನೀರು. ಪೈಪಿನ ಸಣ್ಣ ಚಕ್ರ ತಿರುಗಿಸಿದರೆ ಕತ್ತಿಗೆ ಹನಿಹನಿಯಾಗಿ ಬೀಳುತ್ತದೆ. ಆ ಚಕ್ರ ತಿರುಗಿಸುವ ಕೆಲಸ ನನ್ನದು! "ಜಾಸ್ತಿ ಮಾಡು... ಸಾಕು ಸಾಕು... ಲೇ, ಎದುರುಗಡೆ ಲಾರಿ ಬತ್ತೈತೆ, ಕಮ್ಮಿ ಮಾಡು!" ಲಾರಿಗೂ ಹನಿಗೂ ಏನು ಸಂಬಂಧವೋ ಆ ದೇವರಿಗೇ ಗೊತ್ತು.

ಬಸ್ ನಿಲ್ದಾಣದ ಹತ್ತಿರ ನಿಂತಾಗ ಒಬ್ಬ ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ ಶಿವನೇ, ಡ್ರಿಪ್ ಹಾಕ್ಕಂಡು ಪೇಷೆಂಟೇ ಗಾಡಿ ಓಡಿಸ್ತಾವ್ನಲ್ಲ! ಯಾಕವ್ವಾ, ಆಟೋದೋರು ಯಾರೂ ಬರ್ನಿಲ್ವಾ?" ನಾನು ಬಾಯಿ ತೆರೆಯುವ ಮೊದಲೇ ಮಾವ ದೊಡ್ಡದಾಗಿ ಸೀನಿದರು. ಅಜ್ಜಿಗೆ ಖಾತ್ರಿಯಾಯಿತು. ಬುಟ್ಟಿಯಿಂದ ಎರಡು ಮೂಸಂಬಿ ತೆಗೆದು ಅವರ ಕೈಗಿಟ್ಟು, "ಉಷಾರಾಗಪ್ಪಾ" ಎಂದು ಹರಸಿ ಹೋದಳು. ಅವನ್ನು ಮಾವ ಸಿಪ್ಪೆ ಸುಲಿದು ಅಲ್ಲೇ ತಿಂದರು.

ಮೂರನೆಯ ದಿನ ಯಗಟಿ. ಅಂದು ಬೆಳಗಿನಿಂದಲೇ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೊಡ್ಡಮ್ಮ ಬಾಗಿಲು ಹಾಕಿಕೊಂಡರೆ? ಪತ್ರಿಕೆ ತೆಗೆದುಕೊಳ್ಳದಿದ್ದರೆ? ಪರ್ಸು ತೆಗೆಯುವುದು, ಪತ್ರಿಕೆ ಇದೆಯೇ ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಮಾವ ಕೂಡ ಅಂದು ಸರಿಯಿರಲಿಲ್ಲ. ಹರಳೆಣ್ಣೆಯನ್ನು ಎರಡು ಸಲ ಹಚ್ಚಿಕೊಂಡರು. ರೈಟ್ ಹೇಳುವುದನ್ನೇ ಮರೆತರು. ಕೊನೆಗೆ ನಾನೇ ಹೇಳಿದೆ.

ಅಜ್ಜಂಪುರ ಬಿಟ್ಟಾಗಲೇ ಹೊತ್ತು ಮೀರಿತ್ತು. ಗಾಳಿಯೆಂದರೆ ಒಲೆಯ ಬಾಯಿಂದ ಬಂದ ಹಾಗೆ ಮುಖಕ್ಕೆ ರಾಚುತ್ತಿತ್ತು. ಚೌಳಹಿರಿಯೂರು ಹತ್ತಿರವಾಗುತ್ತಿದ್ದಂತೆ ಒಂದು ಹಂಪು ಬಂತು. ಬೈಕು ಎಗರಿತು, ಗ್ಲೂಕೋಸಿನ ಪೈಪು ಮಾವನ ಕಾಲರಿನಿಂದ ಜಾರಿ, ಚಕ್ರವೂ ಕಿತ್ತುಬಂದು, ನಮ್ಮಿಬ್ಬರ ನಡುವೆ ನಾನು ಇಟ್ಟುಕೊಂಡಿದ್ದ ಬುಟ್ಟಿಯೊಳಗೆ ಬಿತ್ತು. ಬುಟ್ಟಿಯಲ್ಲಿದ್ದದ್ದು ಕುಂಕುಮದ ಭರಣಿ, ಜೊತೆಗೆ ಪತ್ರಿಕೆಯಿದ್ದ ಪರ್ಸು! ನನಗೆ ಗೊತ್ತಾಗುವಷ್ಟರಲ್ಲಿ ಭರಣಿ ತುಂಬಿ, ಬುಟ್ಟಿ ತೊಯ್ದು, ಮಾವನ ಬಿಳಿ ಶರಟಿನ ಬೆನ್ನೆಲ್ಲ ಕೆಂಪುನೀರು ಇಳಿಯುತ್ತಿತ್ತು.

ಊರೊಳಗಿನ ಟೀ ಅಂಗಡಿಯವರು ನೋಡಿದ್ದೇ ತಡ, "ಆಕ್ಸಿಡೆಂಟು! ಆಕ್ಸಿಡೆಂಟು!" ಎಂದು ನಾಲ್ಕು ಜನ ಓಡಿಬಂದರು. ಮಾವನನ್ನು ಬೈಕಿನಿಂದ ಎತ್ತಿ ಕಲ್ಲುಬೆಂಚಿನ ಮೇಲೆ ಬೋರಲಾಗಿ ಮಲಗಿಸಿಯೇಬಿಟ್ಟರು. ಒಬ್ಬ ಬೀಸತೊಡಗಿದ. ಒಬ್ಬ ಹೆಲ್ಮೆಟ್ಟು ಕಳಚಿ ತಲೆಗೆ ಒಂದು ಬಿಂದಿಗೆ ನೀರು ಸುರಿದ.

"ಗಾಯ ಎಲ್ಲೈತೆ ಯಜಮಾನ್ರೇ?"

"ನಂಗೂ ಗೊತ್ತಿಲ್ಲ ಕಣ್ರಪ್ಪಾ. ನಿಧಾನಕ್ಕೆ ಹುಡುಕಿ. ಹಂಗೇ ಇನ್ನೊಂದ್ ಬಿಂದಿಗೆ ಹಾಕಿ!"

ಕೊನೆಗೆ ನಾನು ಕುಂಕುಮದ ವಿಷಯ ಹೇಳಿದಾಗ ಅಂಗಡಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ದೊಡ್ಡಮ್ಮನ ಪತ್ರಿಕೆ ತೊಯ್ದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕುಂಕುಮವಿಲ್ಲ. ಹನ್ನೆರಡು ವರ್ಷದ ಮೇಲೆ ಕರೆಯಲು ಹೋಗುವ ರೀತಿಯೇ ಇದು? ಸಿಟ್ಟು ನೆತ್ತಿಗೇರಿತು.

"ನಿಮ್ಮ ಕೂಲಂಟಿಗಿಷ್ಟು! ವಾಪಸ್ ಹೋಗೋಣ ಮಾವ. ನಾಳೆ ಬೇರೆ ಪತ್ರಿಕೆ ತರ್ತೀನಿ."

"ಇಲ್ಲಿಂದ ಮಾತ್ರ ವಾಪಸ್ ಹೋಗಲ್ಲ" ಎಂದರು ಮಾವ. ಮುಖದಲ್ಲಿ ತಮಾಷೆಯಿರಲಿಲ್ಲ. "ಒಂದ್ಸಲ ಹೋಗಿ ಅನುಭವಿಸಿದ್ದು ಸಾಕು."

ಏನು ಹಾಗೆಂದರೆ ಎಂದು ಕೇಳಿದೆ. ಅವರು ಬೈಕು ಶುರು ಮಾಡಿದರು.

ಯಗಟಿ ತಲುಪಿದಾಗ ದೊಡ್ಡಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿ ಮುಖ ಮೊರದ ಕಡೆಗೆ ತಿರುಗಿಸಿದರು. ತಮ್ಮನ ಕೆಂಪು ಶರಟು ನೋಡಿ "ಅಯ್ಯಯ್ಯೋ" ಎಂದು ಮೊರವನ್ನೇ ಬಿಟ್ಟು ಎದ್ದರು. ಅದು ಕುಂಕುಮವೆಂದು ತಿಳಿದ ಮೇಲೆ ಮತ್ತೆ ಕೂತರು. ನಾನು ಗುಲಾಬಿ ಪತ್ರಿಕೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದೆ.

"ಯಾಕೇ, ಫೋನ್ ಕೆಟ್ಟೋಗಿತ್ತಾ?"

ನನಗೆ ತಡೆಯಲಾಗಲಿಲ್ಲ. "ಅವತ್ತು ಫೋನ್ ಸಾಕು ಅಂದೋರು ನೀವೇ ಅಲ್ವಾ ದೊಡ್ಡಮ್ಮ?"

"ನಾನಾ? ಯಾರೇ ಹಂಗಂದಿದ್ದು?"

ಇಬ್ಬರೂ ಒಟ್ಟಿಗೆ ಮಾವನ ಕಡೆ ತಿರುಗಿದೆವು. ಅವರು ಕಂಬ ಹಿಡಿದುಕೊಂಡು ನಿಂತಿದ್ದರು. ಹೆಲ್ಮೆಟ್ಟು ಇನ್ನೂ ತಲೆಯ ಮೇಲೇ ಇತ್ತು.

"ನಾನೇ ಕಣಕ್ಕಾ" ಎಂದರು. "ಪತ್ರಿಕೆ ತಗೊಂಡ್ ನಿನ್ ಮನೆಗೇ ಹೊರಟಿದ್ದೆ. ಚೌಳಹಿರಿಯೂರು ದಾಟ್ತಿದ್ದಂಗೇ ಬಿಸಿಲಿಗೆ ತಲೆ ಸುತ್ತಿ, ಗಾಡಿ ಒಂದ್ ಕಡೆ ನಾನೊಂದ್ ಕಡೆ ಬಿದ್ದೆ. ಕಣ್ ಬಿಟ್ರೆ ಯಾರೋ ಕುರಿ ಕಾಯೋರು ಬಾಯಿಗೆ ನೀರ್ ಬಿಡ್ತಾವ್ರೆ. ಮುಂದಕ್ಕೆ ಬರೋಕೆ ಧೈರ್ಯ ಆಗ್ಲಿಲ್ಲ, ವಾಪಸ್ ಹೋದೆ. ಬಿಸಿಲಿಗೆ ಬಿದ್ದೆ ಅಂತ ಹೇಳ್ಕೊಳ್ಳೋಕೆ ನಾಚ್ಕೆ. ಇವ್ಳಿಗೆ ಆ ಸುಳ್ಳು ಹೇಳ್ಬಿಟ್ಟೆ. ಆಮೇಲೆ ನಿಮ್ಮಿಬ್ರ ಕೋಪ ನೋಡಿ ಬಾಯೇ ಬರ್ಲಿಲ್ಲ."

ಆ ಒದ್ದೆ ಬನಿಯನ್ನು, ಆ ಎಲೆ, ಆ ಪೈಪು! ನಾವೆಲ್ಲ ನಕ್ಕೂ ನಕ್ಕೂ ಸುಸ್ತಾದ ವೇಷದೊಳಗೆ ಈ ಮನುಷ್ಯ ಇಷ್ಟು ವರ್ಷ ಒಂದೇ ಒಂದು ಮಧ್ಯಾಹ್ನವನ್ನು ಸರಿಮಾಡಲು ಒದ್ದಾಡಿದ್ದಾರೆ. ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಅಳು ಬಂತು.

ದೊಡ್ಡಮ್ಮ ಪತ್ರಿಕೆಯ ಮಾತೇ ಎತ್ತಲಿಲ್ಲ. "ಬಿದ್ದಿದ್ಯೇನೋ? ನಡು ರಸ್ತೇಲಿ ಬಿದ್ದಿದ್ದೋನು ನಂಗೊಂದ್ ಮಾತು ಹೇಳ್ಬಾರ್ದೇನೋ, ಪಾಪಿ?" ಎಂದು ಎದ್ದು ಹೋಗಿ, ಅವರ ತಲೆಯಿಂದ ಒಂದೊಂದನ್ನೇ ತೆಗೆದು ಹಾಕಿದರು. ತಲೆಯನ್ನು ಬೆರಳಿನಿಂದ ತಡವಿದರು, ಹಳೆಯ ಗಾಯ ಇನ್ನೂ ಅಲ್ಲಿದೆಯೇನೋ ಎಂಬಂತೆ. ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ ತಣ್ಣನೆಯ ನೆಲದ ಮೇಲೆ ಮಲಗಿಸಿದರು. ಮಾವ ಐದು ನಿಮಿಷದಲ್ಲಿ ನಿದ್ದೆ ಹೋದರು. ದೊಡ್ಡಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಬೀಸುತ್ತಾ, ಇನ್ನೊಂದು ಕೈಯಲ್ಲಿ ಗುಲಾಬಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು, ಮದುಮಗಳ ಹೆಸರನ್ನು ಕೂಡಿಸಿ ಕೂಡಿಸಿ ಓದಿದರು.

ನಾನು ಗಡಿಯಾರ ನೋಡಿದೆ. ಆ ದಿಕ್ಕಿನಲ್ಲಿ ಇನ್ನೂ ಐದು ಮನೆ ಕರೆಯುವುದಿತ್ತು. "ದೊಡ್ಡಮ್ಮ, ಮಾವನನ್ನು ಎಬ್ಬಿಸಲಾ? ಹೊತ್ತಾಗುತ್ತೆ" ಎಂದು ಮೆಲ್ಲಗೆ ಕೇಳಿದೆ.

ದೊಡ್ಡಮ್ಮ ಬೀಸುವುದನ್ನು ನಿಲ್ಲಿಸಲಿಲ್ಲ.

"ಮಲಗ್ಲಿ ಬಿಡೇ. ಅವ್ರಿಗೆಲ್ಲ ಫೋನ್ ಮಾಡು, ಸಾಕು."