ಶಿಕಮೂ ಹೇಳುವಷ್ಟರಲ್ಲಿ ಕೈತಪ್ಪಿದ ತಕರಾರು

ಇಂದ:
ಕಿಬೀಬಿ ಸ್ವಾಲೆಹ್,
ಒಂಟಿ ಹಾಯಿಯ ಪುಟ್ಟ ದೋಣಿಯ ಚಾಲಕಿ,
ಟಕಾವುಂಗು, ಕೆನ್ಯಾ ಕರಾವಳಿ.

ಗೆ:
ಅಧ್ಯಕ್ಷರು, ತಕರಾರು ಸಮಿತಿ,
ಟಕಾವುಂಗು ಹಾಯಿದೋಣಿ ಸಂಘ.

ವಿಷಯ: ಒಮ್ಮೆ ನಮಸ್ಕಾರ ಮಾಡಿದ್ದಕ್ಕೂ ಇನ್ನೊಮ್ಮೆ ಮಾಡದಿದ್ದಕ್ಕೂ ತಿರಸ್ಕೃತವಾದ ನನ್ನ ತಕರಾರಿನ ಮರುಪರಿಶೀಲನೆ ಕೋರಿ.

ಉಲ್ಲೇಖ: 1. ಜನವರಿಯಿಂದ ಜಾರಿಗೆ ಬಂದ ಸಂಘದ ಹೊಸ ಪಂದ್ಯ ನಿಯಮಗಳು.
2. ಕಾರ್ಯದರ್ಶಿಗಳು ಕಟ್ಟೆಯ ಮೇಲೆ ಕಾಫಿ ಕುಡಿಯುತ್ತ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ದಾರ್ ಎಸ್ ಸಲಾಮ್ ಪಂದ್ಯಕ್ಕೆ ಸಂಘ ಕಳಿಸುವ ದೋಣಿಗಳಲ್ಲಿ ಚಾಲಕರು ನಿಗದಿಯಾಗದೆ ಉಳಿದಿರುವುದು ಒಂದೇ ದೋಣಿ. ಅದಕ್ಕೆ ಇಬ್ಬರು ಉಮೇದುವಾರರು: ನಾನು ಮತ್ತು ಮ್ಜೇ ಫುಮೊ. ಸಂಘದ ಕೊನೆಯ ಪಂದ್ಯದಲ್ಲಿ ನಮ್ಮಿಬ್ಬರಲ್ಲಿ ಯಾರು ಮುಂದೋ ದೋಣಿ ಅವರದು. ಸದರಿ ಮ್ಜೇ ಫುಮೊ ಅವರು, ಮ್ಜೇ ಎಂಬ ಗೌರವಪದವೇ ಹೇಳುವಂತೆ, ನಮ್ಮ ಓಣಿಯ ಹಿರಿಯರು, ನನಗೆ ಚುಕ್ಕಾಣಿ ಹಿಡಿಯಲು ಕಲಿಸಿದವರು, ಮತ್ತು ಪಂದ್ಯದಲ್ಲಿ ಯಾರಿಗೂ ದಾರಿ ಬಿಡದವರು.

1. ಮೊದಲೆಲ್ಲ ಪಂದ್ಯ ಮುಗಿಸಿ, ಬಟ್ಟೆ ಒಣಗಿಸಿ, ಕಟ್ಟೆಯ ಮೇಲೆ ಕೂತು ನಿಧಾನವಾಗಿ ತಕರಾರು ಹೇಳಬಹುದಿತ್ತು. ಹೊಸ ನಿಯಮದ ಪ್ರಕಾರ ತಪ್ಪು ನಡೆದ ಕ್ಷಣದಲ್ಲೇ ಎದುರಾಳಿಗೆ ಕೇಳುವಂತೆ "ತಕರಾರು!" ಎಂದು ಕೂಗತಕ್ಕದ್ದು; ತಕರಾರು ಊರ್ಜಿತವಾದರೆ ತಪ್ಪು ಮಾಡಿದವರು ಆ ಪಂದ್ಯದಿಂದ ಹೊರಗೆ. ಈ ನಿಯಮ ಬರೆದವರ ಊರಲ್ಲಿ ಹಿರಿಯರೇ ಇಲ್ಲವೋ ಏನೋ, ತಿಳಿಯದು.

2. ಕಳೆದ ತಿಂಗಳ ಪಂದ್ಯದಲ್ಲಿ, ತಿರುವಿಗೆಂದು ತೇಲಿಬಿಟ್ಟ ಕಿತ್ತಳೆ ಡ್ರಮ್ಮಿನ ಹತ್ತಿರ ನಾನು ಒಳಬದಿಯಲ್ಲಿದ್ದೆ. ಒಳಬದಿಯ ದೋಣಿಗೆ ಜಾಗ ಬಿಡಬೇಕು. ಮ್ಜೇ ಫುಮೊ ಬಿಡಲಿಲ್ಲ. ನನ್ನ ದೋಣಿ ಡ್ರಮ್ಮಿಗೆ ಗುದ್ದಿತು. ಹಿರಿಯರನ್ನು ಮಾತಾಡಿಸುವ ಮೊದಲು ಶಿಕಮೂ ಎಂದು ನಮಸ್ಕರಿಸಿ, ಅವರು ಮರಹಬಾ ಎನ್ನುವ ತನಕ ಕಾಯಬೇಕೆಂದು ಹಾಲು ಕುಡಿಯುವ ವಯಸ್ಸಿನಿಂದ ಕಲಿತ ನಾನು,

"ಶಿಕಮೂ, ಅಜ್ಜಾ!" ಎಂದೆ.

"ಮರಹಬಾ, ಮಗಳೇ. ಅಮ್ಮನ ಮಂಡಿ ನೋವು ಹೇಗಿದೆ?"

"ಪರವಾಗಿಲ್ಲ ಅಜ್ಜಾ, ಆದ್ರೆ—"

"ಎಣ್ಣೆ ಹಚ್ಚಿದ್ಲಾ? ಬಿಸಿ ಮಾಡಿ ಹಚ್ಬೇಕು ಅಂತ ಹೇಳು!"

"ಹೇಳ್ತೀನಿ. ಅಜ್ಜಾ, ತಕರಾರು!"

ಅಷ್ಟು ಹೊತ್ತಿಗೆ ಅವರ ಬೆನ್ನೂ ಕಾಣುತ್ತಿರಲಿಲ್ಲ. ತಕ್ಷಣ ಕೂಗಲಿಲ್ಲವಾದ ಕಾರಣ ತಕರಾರು ತಿರಸ್ಕೃತವಾಯಿತು. ಅಮ್ಮನ ಮಂಡಿಯ ಮೇಲೆ ಅವರಿಗೆ ಅಂದು ಹುಟ್ಟಿದ ಕಾಳಜಿ ದಡದಲ್ಲಿ ಎಂದೂ ಕಂಡದ್ದಲ್ಲ ಎಂಬುದನ್ನು ಸಮಿತಿ ಗಮನಿಸಬೇಕು.

3. ಆದ್ದರಿಂದ ಮೊನ್ನೆ ಶನಿವಾರದ ಕೊನೆಯ ಪಂದ್ಯದಲ್ಲಿ, ಅದೇ ಡ್ರಮ್ಮಿನ ಬಳಿ ಅವರು ಅದೇ ತಪ್ಪು ಮಾಡಿದಾಗ, ನಾನು ಕಣ್ಣು ಮುಚ್ಚಿ, ನಮಸ್ಕಾರ ಬಿಟ್ಟು, ನೇರವಾಗಿ "ತಕರಾರು!" ಎಂದು ಕೂಗಿದೆ. ಮ್ಜೇ ಫುಮೊ "ಯಾರೇ ಅದು?" ಎನ್ನುತ್ತ ದೋಣಿಯಲ್ಲಿ ಎದ್ದು ನಿಂತರು. ದೋಣಿ ಮಗುಚಿತು.

4. ನೀರಿನ ಮೇಲೆ ಅವರ ಟೋಪಿ ತೇಲುತ್ತಿತ್ತು. ಅದರ ಕೆಳಗೆ ಅವರು ಇರಲಿಲ್ಲ. ಪಂದ್ಯ, ದಾರ್ ಎಸ್ ಸಲಾಮ್, ಎಲ್ಲ ಮರೆತು ಹೋಯಿತು. ದೋಣಿ ತಿರುಗಿಸಿ, ಧುಮುಕಿ, ಅವರ ಅಂಗಿಯ ಕೊರಳುಪಟ್ಟಿ ಹಿಡಿದೆಳೆದೆ. ನಾನು ಅಳುತ್ತಿದ್ದೆ.

"ಶಿಕಮೂ, ಅಜ್ಜಾ! ಶಿಕಮೂ!"

"ಈಗ ನೆನಪಾಯ್ತೇನೇ? ಮರಹಬಾ. ಕೊರಳು ಬಿಡು ಮಾರಾಯ್ತಿ, ಕಾಲಿಗೆ ನೆಲ ಸಿಗ್ತಿದೆ."

ನೀರು ಸೊಂಟದ ಮಟ್ಟ ಇತ್ತು. ನಾನು ಅವರ ಟೋಪಿ ಹಿಡಿದು ತರುವಷ್ಟರಲ್ಲಿ ಅವರು ದೋಣಿ ಎತ್ತಿ ನಿಲ್ಲಿಸಿ ಹೊರಟೇ ಹೋಗಿದ್ದರು. ಅವರು ಕೊನೆಯವರಿಗಿಂತ ಒಂದು ಸ್ಥಾನ ಮುಂದೆ. ಕೊನೆಯವಳು ನಾನು.

5. ನಾನು ದಡ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. "ಫುಮೊ ಅಜ್ಜನಿಗೆ ನಮಸ್ಕಾರ ಇಲ್ದೆ ಕೂಗಿದ್ಯಂತೆ! ನಾನು ಓಣೀಲಿ ಹೇಗೆ ತಲೆ ಎತ್ಲಿ?" ಎಂದು ಅಮ್ಮ. ಕಾರ್ಯದರ್ಶಿಗಳೋ, "ಕೂಗಿದ್ದು ಸರಿಯಾದ ಹೊತ್ತಿಗೇ ಕಣಮ್ಮ. ಆದ್ರೆ ಹಿರಿಯರಿಗೆ ಶಿಕಮೂ ಹೇಳದ ತಕರಾರನ್ನ ಈ ಕಟ್ಟೇಲಿ ಯಾರು ಮುಟ್ತಾರೆ?" ಎಂದು ಕಾಫಿ ಹೀರಿದರು.

6. ಈ ಬಗ್ಗೆ ಮ್ಜೇ ಫುಮೊ ಅವರನ್ನೇ ವಿಚಾರಿಸಲಾಗಿ, "ತಪ್ಪು ನಂದೇ. ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ. ಆದ್ರೆ ದೋಣಿ ನಾನಾಗಿ ಬಿಡಲ್ಲ. ಬೇಕಿದ್ರೆ ಗೆದ್ದು ತಗೋ" ಎಂದು ನಕ್ಕರು.

ಆದ್ದರಿಂದ ಸಮಿತಿಯಲ್ಲಿ ಅರಿಕೆ ಏನೆಂದರೆ: ನಿಯಮದಂತೆ ತಕರಾರನ್ನು ತಕ್ಷಣವೇ ಸಲ್ಲಿಸಲಾಗಿದೆ. ಪದ್ಧತಿಯಂತೆ ನಮಸ್ಕಾರವನ್ನೂ ಸಲ್ಲಿಸಲಾಗಿದೆ, ಒಂದರ ಬದಲು ಎರಡು. ಅದಕ್ಕೆ ಮರಹಬಾ ಎಂಬ ಸ್ವೀಕೃತಿಯೂ ದೊರೆತಿದೆ. ಹಿಂದುಮುಂದಾದದ್ದು ಬಿಟ್ಟರೆ ಬೇರೆ ಲೋಪವಿಲ್ಲ. ಕಾರಣ, ತಕರಾರನ್ನು ಎತ್ತಿಹಿಡಿದು, ಇನ್ನು ಮುಂದೆ ದಡದಲ್ಲಿ ಮಾಡಿದ ಒಂದು ಶಿಕಮೂ ಇಡೀ ಪಂದ್ಯಕ್ಕೆ ಸಾಲುವುದೆಂದು ಆದೇಶಿಸಬೇಕಾಗಿ ವಿನಂತಿ.

ನೆಲದ ಮೇಲೂ ನೀರಿನ ಮೇಲೂ ತಮ್ಮ ವಿಶ್ವಾಸಿ,
ಕಿಬೀಬಿ ಸ್ವಾಲೆಹ್

ಲಗತ್ತು:
1. ಮ್ಜೇ ಫುಮೊ ಅವರ ತಪ್ಪೊಪ್ಪಿಗೆ, ಕೆಳಗೆ ಅಮ್ಮನ ಮಂಡಿಗೆ ಎಣ್ಣೆ ಕಾಯಿಸುವ ವಿಧಾನ ಸಹಿತ.
2. ಟೋಪಿ ಒಂದು. ವಿಚಾರಣೆಯ ನಂತರ ವಾರಸುದಾರರಿಗೆ ಹಿಂತಿರುಗಿಸುವುದು.

ವಿ.ಸೂ.: ತೀರ್ಪು ಏನೇ ಬರಲಿ, ಸೋತವರು ಗೆದ್ದವರ ಸಹಾಯಕ್ಕೆ ದಾರ್ ಎಸ್ ಸಲಾಮ್‌ಗೆ ಜೊತೆಯಲ್ಲೇ ಹೋಗುವುದೆಂದು ನಮ್ಮಿಬ್ಬರಲ್ಲಿ ಮಾತಾಗಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿರಿಯರಾದ ಅಜ್ಜನಿಗೇ ಸಲ್ಲತಕ್ಕದ್ದು, ಆ ಬಗ್ಗೆ ನನ್ನ ತಕರಾರಿಲ್ಲ. ದೋಣಿ ಮಾತ್ರ ನನಗೆ ಕೊಡಿಸಬೇಕಾಗಿ ಕೋರುತ್ತೇನೆ.