ಅಮಾವಾಸ್ಯೆಯ ಎತ್ತಿನಲ್ಲಿ ಪಾಷಾಣವೆಷ್ಟು?

ಮಣ್ಣಿನ ಕೆಲಸ ಮಾಡುವವನಿಗೆ ಒಂದೊಂದು ಹೊಲದ ಮಣ್ಣೂ ಮುಖ ನೋಡಿದ ಕೂಡಲೇ ಗುರುತು ಸಿಗುತ್ತದೆ ಎಂದು ಜನ ನಂಬಿದ್ದಾರೆ. ನನಗಂತೂ ಚೀಲದ ಮೇಲಿನ ಚೀಟಿ ಕಿತ್ತುಹೋದರೆ ಎಲ್ಲವೂ ಬರೀ ಮಣ್ಣು. ಹೊಲಗಳಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಎಷ್ಟಿದೆ ಎಂದು ಅಳೆಯುವ ತಂಡದಲ್ಲಿ ನನ್ನದು ಮಣ್ಣು ತಂದು, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು ಕಳಿಸುವ ಕೆಲಸ. ಮುಂದಿನದನ್ನು ಯಂತ್ರ ನೋಡಿಕೊಳ್ಳುತ್ತದೆ. ಯಂತ್ರಕ್ಕೆ ಅವ್ವ ಇರುವುದಿಲ್ಲ, ನನಗಿದ್ದಾಳೆ.

ತಂಬ್ರಹಳ್ಳಿಯ ಕೊಟ್ರಮ್ಮನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ತನ್ನ ಹೊಲದ ಸೊಪ್ಪನ್ನು ಬಸುರಿಗೆ ಹಾಕಬಹುದೋ ಬಾರದೋ ಎಂದು ಕೊಟ್ರಮ್ಮ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಮಳೆ ಹಿಡಿದಿದ್ದರಿಂದ ಅವಳ ಮಣ್ಣನ್ನೂ ಪಕ್ಕದ ಹೊಲದ ಮಣ್ಣನ್ನೂ ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲೇ ಒಣಗಿಸಿ, ಜರಡಿ ಹಿಡಿದು ಇಟ್ಟಿದ್ದೆ. ಮಣ್ಣೆತ್ತಿನ ಅಮಾವಾಸ್ಯೆ ಬಂದದ್ದು ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ಮರೆತಿದ್ದೆ. ಸಂಜೆ ಬಂದರೆ ಪಡಸಾಲೆ ಸ್ವಚ್ಛ. ದೇವರ ಜಗಲಿಯ ಮೇಲೆ ಹಸಿ ಮಣ್ಣಿನ ಜೋಡೆತ್ತು, ಹಣೆಗೆ ಕುಂಕುಮ.

“ಅವ್ವಾ, ನನ್ನ ಮಣ್ಣೆಲ್ಲಿ?”

“ಇಲ್ಲೇ ನಿಂತಾವಲ್ಲೋ. ಎಷ್ಟು ಸಣ್ಣಗ ಜರಡಿ ಹಿಡಿದಿ! ಈ ವರ್ಷ ಒಂದು ಕಾಲೂ ಬಿರುಕು ಬಿಟ್ಟಿಲ್ಲ ನೋಡು.”

“ಅದರಾಗ ವಿಷ ಇರಬಹುದವ್ವಾ, ಮೊದಲು ಕೈ ತೊಳಕೋ.”

“ನೀ ಮೊದಲು ಬಾಯಿ ತೊಳಕೋ. ಹಬ್ಬದ ದಿನ ಬಸವಣ್ಣಗ ವಿಷ ಅಂತಿ.”

ಹೆಂಡತಿ ಮಧ್ಯೆ ಬಂದಳು. “ಎಡಗಡೆ ಎತ್ತು ಕೊಟ್ರಮ್ಮನ ಹೊಲದ್ದರಿ. ಸ್ವಲ್ಪ ಕಪ್ಪೈತಿ ನೋಡ್ರಿ.”

“ಅದಕ್ಕ ದೀಪದ ಎಣ್ಣಿ ಹತ್ತೇತಿ,” ಎಂದಳು ಅವ್ವ.

ಕೊಟ್ರಮ್ಮನ ಮಣ್ಣನ್ನು ನಾನು ಎಡಗಡೆಗೇ, ಕಿಟಕಿಯ ಪಕ್ಕ ಇಟ್ಟಿದ್ದು ಸ್ಪಷ್ಟವಾಗಿ ನೆನಪಾಯಿತು. ಆಮೇಲೆ, ಹೆಂಡತಿ ಹೇಳಿದ ಮೇಲೆಯೇ ಈ ನೆನಪು ಹುಟ್ಟಿತೋ ಎನ್ನಿಸಿತು. ಆ ಕಿಟಕಿಯ ಪಕ್ಕ ಯಾವಾಗಲೂ ಅಕ್ಕಿಡಬ್ಬವಿರುತ್ತದೆ. ಒಂದು ಎತ್ತನ್ನು ಪುಡಿ ಮಾಡಿ ಕಳಿಸೋಣವೆಂದು ಕೈ ಚಾಚಿದೆ. “ಪೂಜಿ ಆದ ಬಸವಣ್ಣನ್ನ ಒಡಿತಿಯೇನಲೇ?” ಎಂದಳು ಅವ್ವ. ಚಾಚಿದ ಕೈಯಲ್ಲೇ ನಮಸ್ಕಾರ ಮಾಡಿದೆ.

ಮತ್ತೆ ತಂಬ್ರಹಳ್ಳಿಗೆ ಹೋದೆ.

“ಮೊನ್ನೆ ಒಯ್ದ ಮಣ್ಣು ಏನಾತ್ರಿ ಸರ?” ಎಂದಳು ಕೊಟ್ರಮ್ಮ.

“ಪೂಜೆ... ಆಯಿತು.”

ಎಲ್ಲ ಕೇಳಿ ಅವಳು ಸೆರಗು ಬಾಯಿಗೊತ್ತಿ ನಕ್ಕಳು. “ನಮ್ಮ ಹೊಲಕ್ಕ ಪುಣ್ಯ ಬಂತು ಬಿಡ್ರಿ. ಆದ್ರ ಮಗಳಿಗೆ ಏನ್ ಹಾಕ್ಲಿ?” ಎಂದು ಕೇಳುವಾಗ ನಗುವಿರಲಿಲ್ಲ. ಮತ್ತೆ ಮಣ್ಣು ತುಂಬಿಕೊಟ್ಟಳು. ಉಂಡೇ ಹೋಗಬೇಕೆಂದು ಕೂರಿಸಿ ರೊಟ್ಟಿಯ ಮೇಲೆ ಸೊಪ್ಪಿನ ಪಲ್ಯ ಬಡಿಸಿದಳು. ನನ್ನ ಕೈ ತಾಟಿನಲ್ಲೇ ನಿಂತಿತು.

“ಹೆದರಬ್ಯಾಡ್ರಿ, ಇದು ಸಂತ್ಯಾಗ ತಂದಿದ್ದು. ನಮ್ಮದು ಹೊಲದಾಗ ಹೂ ಬಿಟ್ಟು ನಿಂತೈತಿ. ನೀವು ಹೇಳೋ ತನಕ ಕೊಯ್ಯಂಗಿಲ್ಲ.”

ಜೀವ ಬಂದಂತಾಯಿತು. ಇನ್ನಷ್ಟು ಪಲ್ಯ ಹಾಕಿಸಿಕೊಂಡೆ. ಎದುರಿಗೆ ಬಸುರಿ ಮಗಳೂ ಅದನ್ನೇ ನಿಶ್ಚಿಂತೆಯಿಂದ ಉಣ್ಣುತ್ತಿದ್ದಳು. ಸಂತೆಯ ಸೊಪ್ಪು ಯಾವ ಹೊಲದ್ದು, ಆ ಹೊಲದ ಮಣ್ಣನ್ನು ಯಾರು ಅಳೆದಿದ್ದಾರೆ ಎಂದು ನನಗೆ ಹೊಳೆದಾಗ ಬಾಯಿ ತುಂಬಿತ್ತು. ತಾಯಿ ಮಗಳಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಿದೆ.