ಹಬ್ಬ ಉಂಡ ಮೊಲದ ಹೊಟ್ಟೆ

ನಿವೃತ್ತನಾದ ಮೇಲೆ ನನಗೇನಾಯಿತು, ಊಹಿಸಿ ನೋಡೋಣ? ಬಿ.ಪಿ. ಅಲ್ಲ, ಶುಗರ್ ಅಲ್ಲ, ಅಧ್ಯಾತ್ಮವಂತೂ ಅಲ್ಲವೇ ಅಲ್ಲ. ಮೊಲ ಆಯಿತು! ಲಕ್ಷ್ಮೇಶ್ವರದ ಪರಿಚಯದವರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಬಿಳಿ ಮೊಲವನ್ನು ನನ್ನ ಕೈಗಿಟ್ಟರು. ಬೆಟಗೇರಿಯ ನಮ್ಮ ಮನೆಯ ಹೊಸ್ತಿಲಲ್ಲೇ ಹೆಂಡತಿ ತಡೆದಳು: "ಮನ್ಯಾಗ ನಾತ ಬಂತೋ, ಆ ದಿನಾನ ಇದು ವಾಪಸ್!"

ಅದರ ಹೊಟ್ಟೆ ಕೆಡಬಾರದು, ಮನೆ ನಾರಬಾರದು ಎಂದು ನಾನೂ ಹಟಕ್ಕೆ ಬಿದ್ದೆ. ಹಟ ಹಿಡಿದವನ ಮನೆಯಲ್ಲಿ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ಜಳಕ

ಬಂದ ವಾರವೇ ಅದಕ್ಕೆ ಹೊಟ್ಟೆ ಕೆಟ್ಟು ಹಿಂಭಾಗವೆಲ್ಲ ಮೆತ್ತಿಕೊಂಡಿತು. ಜಳಕವಿಲ್ಲದೆ ಯಾರೂ ನಮ್ಮ ಅಡುಗೆಮನೆಗೆ ಕಾಲಿಡುವಂತಿಲ್ಲ. ಮೊಲವನ್ನು ಬಚ್ಚಲಿಗೆ ಒಯ್ದು ತಂಬಿಗೆ ಎತ್ತಿದೆ. ಅದು ಜಿಗಿದ ರಭಸಕ್ಕೆ ಬಕೀಟು ಉರುಳಿತು, ಹಿಂದೆಯೇ ನಾನೂ ಉರುಳಿದೆ. ಮೊಲ ಮಾತ್ರ ಒಂದು ಹನಿ ತಾಗದೆ ಮೂಲೆ ಸೇರಿತು. ಅದನ್ನು ಹಿಡಿದು ಗದಗಿನ ದನದ ದವಾಖಾನೆಗೆ ಆಟೋ ಮಾಡಿದೆ.

"ಮೊಲಕ್ಕ ಜಳಕ ಮಾಡಸ್ತಾರೇನ್ರಿ ಸರ?" ಡಾಕ್ಟರ್ ಗದರಿದರು. "ಅಂಜಿ, ಥಂಡಿ ಹತ್ತಿ ಸಾಯತೈತಿ! ಹೊಲಸಾದಲ್ಲೆ ಅಷ್ಟ ಹಸೀ ಅರಬಿಲೆ ಒರಸಿ ಒಣಗಸ್ರಿ. ಗಜ್ಜರಿ ಕಡಿಮಿ ಮಾಡ್ರಿ, ಒಣ ಹುಲ್ಲ ಹೆಚ್ಚ ಹಾಕ್ರಿ."

ಮನೆಗೆ ಬಂದು ವರದಿ ಒಪ್ಪಿಸಿದೆ. ಹೆಂಡತಿ ನನ್ನ ಒದ್ದೆ ಧೋತರ ನೋಡಿ, "ಅಂತೂ ಈ ಹೊತ್ತರ ಜಲ್ದಿ ಜಳಕ ಮಾಡಿದ್ರಿ. ಮೊಲದ್ದು ಒಂದ ಉಪಕಾರ ಆತು" ಎಂದಳು.

ಎರಡನೇ ಊಟ

ಮುಂಡರಗಿಯಿಂದ ನನ್ನ ಹಳೆಯ ಸಹೋದ್ಯೋಗಿ ಬಂದಿದ್ದ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದವರು. ಚಹಾ ತುಟಿಗಿಡುವಷ್ಟರಲ್ಲಿ ಮೊಲ ಬಗ್ಗಿ, ತನ್ನ ಮೆತ್ತನೆಯ ಹಿಕ್ಕಿಯನ್ನು ತಾನೇ ಬಾಯಿಗೆ ಹಾಕಿಕೊಂಡಿತು. ಆತ ಕಪ್ಪು ಕೆಳಗಿಟ್ಟ.

"ಏನಲೇ ಇದು, ಅಸಹ್ಯ!"

ನನಗೆ ಇಷ್ಟು ಸಾಕಲ್ಲ! ಮೊಲಕ್ಕೆ ಇದು ರೋಗವಲ್ಲ, ಒಮ್ಮೆ ತಿಂದದ್ದರ ಸತ್ವ ಪೂರ್ತಿ ಮೈಗೆ ಹತ್ತದು, ಆಕಳು ಮೆಲುಕು ಹಾಕಿದಂತೆ ಇದೂ ಎರಡು ಸಲ ತಿಂದು ಜೀರ್ಣಿಸಿಕೊಳ್ಳುತ್ತದೆ, ತಡೆದರೆ ಸೊರಗುತ್ತದೆ ಎಂದು ಪೂರಾ ಒಂದು ಪಿರಿಯಡ್ ತೆಗೆದುಕೊಂಡೆ. ಚಹಾ ಆರಿತು. ಆತ ನಿಟ್ಟುಸಿರಿಟ್ಟು ಎದ್ದ.

"ತಿಳೀತ ಬಿಡೋ ಮಾರಾಯ. ನೀ ವರ್ಷಾ ವರ್ಷಾ ಅದ ನೋಟ್ಸ್ ಹೇಳತಿದ್ದೆಲ್ಲ, ಹಂಗ."

ಉಂಡಿ

ನಾಗರ ಪಂಚಮಿಯ ಮುಂಚೆ ಬರುವ ರೊಟ್ಟಿ ಹಬ್ಬದ ದಿನ ನಮ್ಮ ಓಣಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮನೆಯಿಂದ ಮನೆಗೆ ಹೋಗುತ್ತವೆ. ಕೊಡಲು ಬಂದವರೆಲ್ಲ ಮೊಲಕ್ಕೂ ಒಂದೊಂದು ಚೂರು ಮುರಿದು ಹಾಕಿದ್ದರು. "ಹಬ್ಬದಾಗ ಬಾಯಿ ಇದ್ದ ಜೀವ ಉಪವಾಸ ಇರಬಾರದರಿ!" ನಾನು ಸಂತೆಗೆ ಹೋಗಿದ್ದೆ.

ಮರುದಿನ ಬೆಳಗ್ಗೆ ಮೊಲ ಹುಲ್ಲು ಮೂಸಲಿಲ್ಲ. ಗೂಡಿನಲ್ಲಿ ಒಂದೂ ಹಿಕ್ಕಿ ಇಲ್ಲ. ಮತ್ತೆ ಆಟೋ, ಮತ್ತೆ ಅದೇ ಡಾಕ್ಟರ್. ಔಷಧ ಕೊಟ್ಟು ಅವರೆಂದರು: "ತಡಾ ಮಾಡದ ತಂದೀರಿ, ಛಲೋ ಆತು. ಹೇಳಿದಂಗ ಔಷಧ ಕುಡಸ್ರಿ, ಹೊಟ್ಟಿ ಹಗೂರಕ ನೀವ್ರಿ. ಹಿಕ್ಕಿ ಬಿದ್ರ ಉಳೀತು. ಬೀಳಲಿಲ್ಲಂದ್ರ ಸಂಜೀಕ ಮತ್ತ ತರ್ರಿ."

ನಾನು ಛತ್ರಿ ಹಿಡಿದು ಬಾಗಿಲಲ್ಲಿ ಕೂತೆ. ಓಂಕಾಳಿನ ನೀರು ತಂದವರನ್ನು ತಿರುಗಿಸಿ ಕಳಿಸಿದೆ. ದೃಷ್ಟಿ ತೆಗೆಯಲು ಬಂದವರಿಗೆ, "ಮೊದಲ ನನ್ನ ದೃಷ್ಟಿ ತಗೀರಿ" ಎಂದೆ. ಒಳಗೆ ನೋಡಿದರೆ, ಹಬ್ಬದ ಹೊಸ ಸೀರೆ ಉಟ್ಟಿದ್ದ ನನ್ನ ಹೆಂಡತಿ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆ ನೀವುತ್ತಿದ್ದಳು. "ಹಾಕವ್ವಾ, ನಮ್ಮವ್ವಾ, ಒಂದ ಹಾಕು." ಅವಳ ಕಣ್ಣು ತುಂಬಿತ್ತು.

ಸಂಜೆ ಇನ್ನೇನು ಆಟೋ ಕರೆಯಬೇಕು, ಒಳಗಿನಿಂದ ಕಿರುಚಿದಳು: "ಬಿದ್ದೂ! ರೀ, ಬಿದ್ದೂ!" ಮೊಲವನ್ನು ಬಗಲಲ್ಲಿ ಅವುಚಿ, ಉಡಿಯನ್ನು ಪ್ರಸಾದದಂತೆ ಎತ್ತಿ ಹಿಡಿದು ಓಣಿಗೇ ಓಡಿದಳು. ಎದುರಿಗೆ ಪಕ್ಕದ ಮನೆಯ ಅಕ್ಕಾರು ಪಂಚಮಿಗೆ ಕಟ್ಟಿದ ಶೇಂಗಾ ಉಂಡಿಯ ತಾಟು ಹಿಡಿದು ಬರುತ್ತಿದ್ದರು. ಉಡಿಯೊಳಗೆ ಇಣುಕಿ, ಒಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಅವರು ಕೇಳಿದರು:

"ಇದೇನ್ರೀ, ಈ ವರ್ಷ ಉಂಡಿ ಇಷ್ಟ ಸಣ್ಣ ಕಟ್ಟೀರಿ?"

ಅವರ ಕೈ ಬಾಯಿ ಮುಟ್ಟುವ ಮೊದಲು ನಾನು ಛತ್ರಿ ಅಡ್ಡ ಹಿಡಿದೆ.